ಗಾಡಿಯ ಕತ್ತಿನ ಮೇಲಿನ ನಂಬರು

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಮಾಯಸಂದ್ರದ ಹತ್ರ ಒಂದು ಬೈಕ್ ಐತೆ. 2017ರ ಮಾಡೆಲ್ಲಂತೆ, ಸಿಂಗಲ್ ಓನರ್. ಮೂವತ್ತೈದು ಸಾವಿರ ಹೇಳ್ತಾವ್ರೆ. ನೀವೊಂದ್ಸಲ ಬಂದು ನೋಡ್ತೀರಾ?" ಅಂದ. ಕೊಬ್ಬರಿ ಬಿಟ್ಟ ದುಡ್ಡಿನಲ್ಲಿ ಅವರಪ್ಪ ಕೊಡಿಸುತ್ತಿರುವ ಮೊದಲ ಗಾಡಿ ಅದು. ಭಾನುವಾರ ತುರುವೇಕೆರೆಯಿಂದ ಇಬ್ಬರೂ ಹೊರಟೆವು.

ಗಾಡಿ ತೊಳೆದು, ಟ್ಯಾಂಕಿಗೆ ಪಾಲಿಶ್ ಹೊಡೆದು ನಿಲ್ಲಿಸಿದ್ದರು. ಹುಡುಗ ಹೋದವನೇ ಕಿಕ್ ಹೊಡೆದು ಸೌಂಡ್ ಕೇಳಿದ, ಟೈರ್ ಒತ್ತಿ ನೋಡಿದ. ನಾನು ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಹ್ಯಾಂಡಲ್ ಕೂರುವ ಕತ್ತಿನ ಭಾಗವನ್ನು ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡತೊಡಗಿದೆ. ಮಾರುವ ಯಜಮಾನರಿಗೆ ನಗು. "ಏನ್ ಸಾರ್, ಜಾತ್ರೇಲಿ ಎತ್ತಿನ ಹಲ್ಲು ನೋಡಿದಂಗೆ ನೋಡ್ತಾ ಇದೀರಲ್ಲ!" ಅಂದರು.

ಅವರು ತಮಾಷೆಗೆ ಅಂದರೂ ಮಾತು ಸರಿಯಾಗಿಯೇ ಇತ್ತು. ಎತ್ತಿನ ವಯಸ್ಸನ್ನು ಮಾರುವವನ ಬಾಯಿಂದ ಕೇಳಿ ಯಾರೂ ನಂಬುವುದಿಲ್ಲ, ಎತ್ತಿನ ಬಾಯನ್ನೇ ತೆರೆಸಿ ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯ್ಗೂಡಿದೆಯೋ ಅಂತ. ಮೋಟಾರ್ ಸೈಕಲ್ಲಿಗೂ ಅಂಥದ್ದೊಂದು ಬಾಯಿ ಇದೆ. ಆದರೆ ಅದು ಮಾತಾಡಲು ಕಲಿತದ್ದು ಇತ್ತೀಚೆಗೆ. ನಮ್ಮಪ್ಪನ ಕಾಲದಲ್ಲಿ ಅದು ಮೂಗಿ. ಈ ಬರಹ ಆ ಕಥೆ.

ನಮ್ಮಪ್ಪ 1980ರ ದಶಕದ ಕೊನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ಕೊಂಡರು. ನಮ್ಮ ಕಡೆ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿ ಒಣಗಿಸಿದರೆ ಮಾತ್ರ ಉಂಡೆ ಕೊಬ್ಬರಿ. ಹಾಗೆ ಎರಡು ವರ್ಷದ ಕೊಬ್ಬರಿ ತಿಪಟೂರಿನಲ್ಲಿ ಬಿಟ್ಟು ಕೂಡಿಸಿದ ದುಡ್ಡು ಅದು. ಒಬ್ಬ ದಲ್ಲಾಳಿ ತೋರಿಸಿದ ಗಾಡಿ, ಓಡಿಸಿ ನೋಡಿದರು, ಚೆನ್ನಾಗಿತ್ತು, ದುಡ್ಡು ಎಣಿಸಿ ಕೊಟ್ಟರು. ಹೆಸರಿಗೆ ಮಾಡಿಸಿಕೊಳ್ಳಲು ಹೋದಾಗ ಇನ್‌ಸ್ಪೆಕ್ಟರು ಕತ್ತಿನ ಮೇಲಿನ ಚಾಸಿ ನಂಬರ್ ನೋಡಿದರು, ಸರಿ ಇತ್ತು. ಎಂಜಿನ್ ನಂಬರ್ ನೋಡಿದರು, ಆರ್‌ಸಿ ಪುಸ್ತಕದಲ್ಲಿ ಇದ್ದದ್ದೇ ಬೇರೆ!

ಆಮೇಲೆ ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ಹಿಂದಿನ ಯಾರೋ ಪೆಟ್ರೋಲಿಗೆ ಆಯಿಲ್ ಸರಿಯಾಗಿ ಬೆರೆಸದೆ ಓಡಿಸಿ ಎಂಜಿನ್ ಜಾಮ್ ಆಗಿದೆ, ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸೇ ಒಡೆದಿದೆ. ಎಂಜಿನ್ ನಂಬರ್ ಹೊಡೆದಿರುವುದು ಆ ಕೇಸಿನ ಮೇಲೆಯೇ. ಯಾವುದೋ ಗ್ಯಾರೇಜಿನಲ್ಲಿ ಬೇರೆ ಗಾಡಿಯ ಕೇಸ್ ಹಾಕಿದ್ದಾರೆ, ಅದನ್ನು ಆರ್‌ಸಿಯಲ್ಲಿ ಬರೆಸಿಲ್ಲ. ಕಳ್ಳತನವೇನೂ ಅಲ್ಲ. ಆದರೆ ಅಲ್ಲ ಅಂತ ತೋರಿಸಲು ಅಪ್ಪನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ದಲ್ಲಾಳಿ ಕೈಗೆ ಸಿಗಲಿಲ್ಲ. ಆ ಗಾಡಿ ಕೊನೆಯವರೆಗೂ ಅಪ್ಪನ ಹೆಸರಿಗೆ ಆಗಲಿಲ್ಲ. ತೋಟಕ್ಕೂ ಮನೆಗೂ ಓಡಾಡಿ, ಪೊಲೀಸರು ಇರುವ ರಸ್ತೆ ನೋಡದೆ, ಕೊಟ್ಟಿಗೆಯಲ್ಲಿ ನಿಂತು, ಗುಜರಿಗೆ ಹೋಯಿತು.

ಈಗ ಆ ಗಾಡಿ ಹುಟ್ಟಿದ ಊರಿಗೆ ಬರೋಣ. ಜಾವಾ ಅನ್ನುವುದು ಮೂಲತಃ ಜೆಕ್ ಕಂಪನಿ. 1929ರಲ್ಲಿ ಯಾನೆಚೆಕ್ ಎನ್ನುವವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸ ಕೊಂಡು ಶುರು ಮಾಡಿದರು. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಅದನ್ನು ನಮ್ಮ ದೇಶಕ್ಕೆ ತಂದವರು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ. ಅವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಯಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್, ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು. ಜೆಕ್ ಕಂಪನಿಯ ಲೈಸೆನ್ಸ್ ಮುಗಿದ ಮೇಲೆ 1973ರಿಂದ ಅದೇ ಕಾರ್ಖಾನೆಯ ಗಾಡಿಗಳು 'ಯೆಜ್ಡಿ' ಆದವು. 1978ರಲ್ಲಿ ರೋಡ್‌ಕಿಂಗ್ ಬಂತು. ನೂರು ಸಿಸಿಯ ಜಪಾನಿ ತಂತ್ರಜ್ಞಾನದ ಗಾಡಿಗಳು ಬಂದ ಮೇಲೆ ಬೇಡಿಕೆ ಇಳಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಆ ಕಾಲದ ಗಾಡಿಗಳ ನಂಬರ್ ಹೇಗಿತ್ತು? ಬಹುಪಾಲು ಕಂಪನಿಗಳದು ಒಂದೇ ಪದ್ಧತಿ. ಮಾಡೆಲ್ ಗುರುತಿಸಲು ಒಂದೆರಡು ಅಕ್ಷರ ಅಥವಾ ಅಂಕಿ, ಆಮೇಲೆ ಸಾಲಾಗಿ ಏರುತ್ತಾ ಹೋಗುವ ಸಂಖ್ಯೆ. ದೊಡ್ಡ ಸಂಖ್ಯೆ ಇದ್ದರೆ ಆಮೇಲೆ ಹುಟ್ಟಿದ ಗಾಡಿ, ಚಿಕ್ಕದಿದ್ದರೆ ಮೊದಲು ಹುಟ್ಟಿದ್ದು, ಅಷ್ಟೇ. ಯಾವ ವರ್ಷ, ಯಾವ ತಿಂಗಳು ಅನ್ನುವುದು ನಂಬರಿನಲ್ಲಿ ಇರುತ್ತಿರಲಿಲ್ಲ, ಕಾರ್ಖಾನೆಯ ಲೆಡ್ಜರಿನಲ್ಲಿ ಇರುತ್ತಿತ್ತು. ಹಳ್ಳಿಯ ಗಿರಾಕಿ ಆ ಲೆಡ್ಜರ್ ನೋಡುವುದು ಎಲ್ಲಿಂದ ಬಂತು! ಇವತ್ತಿಗೂ ಹಳೇ ಜಾವಾ ಯೆಜ್ಡಿ ಹುಚ್ಚಿನವರು ಗಾಡಿಯ ವರ್ಷ ಹಿಡಿಯಲು ಆರ್‌ಸಿ, ಟ್ಯಾಂಕು, ಸ್ಪೀಡೋಮೀಟರ್, ಲೈಟಿನ ಆಕಾರ ಎಲ್ಲ ನೋಡಿ ಲೆಕ್ಕ ಹಾಕುತ್ತಾರೆ. ಅವರು ಮೊದಲು ಕೇಳುವುದು "ಎಂಜಿನ್ ನಂಬರೂ ಚಾಸಿ ನಂಬರೂ ಹೊಂದಿಕೆ ಇದೆಯಾ?" ಅಂತ. ಹೊಂದಿಕೆ ಇರುವ ಗಾಡಿಗೆ ಬೆಲೆಯೇ ಬೇರೆ. ನಮ್ಮಪ್ಪನಿಗೆ ಈ ಒಂದು ಪ್ರಶ್ನೆ ಕೇಳಲು ಯಾರಾದರೂ ಹೇಳಿಕೊಟ್ಟಿದ್ದರೆ ಸಾಕಿತ್ತು.

ಹೊರಗಿನ ಜಗತ್ತಿನಲ್ಲೂ ಇದೇ ಗೊಂದಲ ಇತ್ತು. ಅಮೆರಿಕದ ಕಾರು ಕಂಪನಿಗಳು 1950ರ ದಶಕದಿಂದ ಗಾಡಿಗೆ ಗುರುತಿನ ನಂಬರ್ ಹೊಡೆಯುತ್ತಿದ್ದರೂ ಒಬ್ಬೊಬ್ಬರದು ಒಂದೊಂದು ರೀತಿ, ಒಂದೊಂದು ಉದ್ದ. ಕಳುವಾದ ಗಾಡಿ ಪತ್ತೆ ಮಾಡಬೇಕಾದರೂ, ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಬೇಕಾದರೂ ಕಷ್ಟ. 1977ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಓ ಇದಕ್ಕೆ ಒಂದು ಮಾನಕ ಪ್ರಕಟಿಸಿತು, ಅದರ ಸಂಖ್ಯೆ 3779. 1981ರ ಮಾಡೆಲ್‌ಗಳಿಂದ ಅಮೆರಿಕ ಹದಿನೇಳು ಅಕ್ಷರಗಳ ನಂಬರನ್ನು ಕಡ್ಡಾಯ ಮಾಡಿತು. ಅದೇ ಈಗ ನಾವು 'ವಿನ್' ಎನ್ನುವ ನಂಬರು. ಹಿಂದೆ ಕಾರ್ಖಾನೆಯ ಲೆಡ್ಜರಿನಲ್ಲಿದ್ದ ಮಾಹಿತಿ ಈಗ ನಂಬರಿನ ಒಳಗೇ ಬಂದು ಕೂತಿತು.

ಇದನ್ನು ಓದುವುದು ಬ್ರಹ್ಮವಿದ್ಯೆಯಲ್ಲ. ಮೊದಲ ಮೂರು ಅಕ್ಷರ ಯಾರು ಮಾಡಿದರು ಅಂತ ಹೇಳುತ್ತವೆ. ಭಾರತದ ಗಾಡಿಗಳ ಮೊದಲ ಅಕ್ಷರ ಸಾಮಾನ್ಯವಾಗಿ 'ಎಂ'. ಎಂಬಿಎಲ್ ಅಂದರೆ ಹೀರೋ, ಎಂಡಿ2 ಬಜಾಜ್, ಎಂಡಿ6 ಟಿವಿಎಸ್, ಎಂಇ4 ಹೋಂಡಾ, ಎಂಇ3 ರಾಯಲ್ ಎನ್‌ಫೀಲ್ಡ್, ಎಂಇ1 ಯಮಹಾ. ನಾಲ್ಕರಿಂದ ಒಂಬತ್ತರವರೆಗೆ ಮಾಡೆಲ್, ಎಂಜಿನ್ ಇತ್ಯಾದಿ ವಿವರ, ಅದು ಕಂಪನಿಗೆ ಬಿಟ್ಟದ್ದು. ಹತ್ತನೆಯದು ವರ್ಷ. ಹನ್ನೊಂದನೆಯದು ಸಾಮಾನ್ಯವಾಗಿ ಕಾರ್ಖಾನೆ. ಕೊನೆಯದು ಸಾಲು ಸಂಖ್ಯೆ. ನಮ್ಮ ದೇಶದಲ್ಲಿ ತಯಾರಾದ ತಿಂಗಳಿಗೂ ಒಂದು ಅಕ್ಷರ ಇಡುತ್ತಾರೆ, ಆದರೆ ಅದರ ಜಾಗ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ.

ವರ್ಷದ ಲೆಕ್ಕ ಹೀಗೆ. 2001ರಿಂದ 2009ರವರೆಗೆ 1ರಿಂದ 9 ಅಂಕಿ. 2010ಕ್ಕೆ 'ಎ', 2011ಕ್ಕೆ 'ಬಿ', ಹಾಗೆ 2016ಕ್ಕೆ 'ಜಿ', 2017ಕ್ಕೆ 'ಎಚ್'. 'ಐ' ಅಕ್ಷರ ಬಿಟ್ಟು 2018ಕ್ಕೆ 'ಜೆ', 2020ಕ್ಕೆ 'ಎಲ್', 2022ಕ್ಕೆ 'ಎನ್'. 'ಓ' ಬಿಟ್ಟು 2023ಕ್ಕೆ 'ಪಿ', 'ಕ್ಯೂ' ಬಿಟ್ಟು 2024ಕ್ಕೆ 'ಆರ್'. ಈ ಮೂರು ಅಕ್ಷರಗಳು ಒಂದು ಮತ್ತು ಸೊನ್ನೆಯ ಹಾಗೆ ಕಾಣುತ್ತವೆ ಅಂತ ಇಡೀ ನಂಬರಿನಲ್ಲಿ ಎಲ್ಲೂ ಬಳಸುವುದಿಲ್ಲ. ಹಾಗಾಗಿ ಕತ್ತಿನ ಮೇಲೆ 'ಓ' ಅಥವಾ 'ಕ್ಯೂ' ಹೊಡೆದಿರುವ ಹದಿನೇಳು ಅಕ್ಷರದ ನಂಬರ್ ಕಂಡರೆ ಹುಷಾರು. ಕಾರ್ಖಾನೆಯವರು ಹೊಡೆದದ್ದಲ್ಲ ಅಂತಲೇ ತಿಳಿಯಬೇಕು.

ಇನ್ನೊಂದು ಮಾತು. ಅಮೆರಿಕದಲ್ಲಿ ಒಂಬತ್ತನೆಯ ಸ್ಥಾನ ತಾಳೆ ನೋಡುವ ಅಂಕಿ. ಉಳಿದ ಅಕ್ಷರಗಳನ್ನೆಲ್ಲ ಗುಣಿಸಿ ಕೂಡಿಸಿದರೆ ಅದು ಸರಿಹೊಂದಬೇಕು. ಇಲ್ಲಿ ಆ ಕಟ್ಟುಪಾಡು ಇಲ್ಲ. ಅಮೆರಿಕದ ಲೆಕ್ಕದಲ್ಲಿ ನಮ್ಮ ಗಾಡಿಯ ನಂಬರ್ ಹಾಕಿ ನೋಡಿ 'ತಪ್ಪು' ಅಂತ ಬಂದರೆ ಗಾಬರಿ ಬೀಳಬೇಡಿ.

ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಕಾಲ ಇತ್ತು. ನಮ್ಮ ತಾಲ್ಲೂಕಿನಲ್ಲಿ ಇನ್ನೂ ಓಡಾಡುತ್ತಿರುವ ಹಳೇ ಹೀರೋ ಹೋಂಡಾ ಸ್ಪ್ಲೆಂಡರ್‌ಗಳನ್ನು ನೋಡಿ. ಚಾಸಿ ನಂಬರಿನ ಮೊದಲೆರಡು ಅಂಕಿ ವರ್ಷ, ಆಮೇಲಿನ ಅಕ್ಷರ ತಿಂಗಳು. 03 ಅಂತ ಶುರುವಾದರೆ 2003ರ ಗಾಡಿ. ಎಂಜಿನ್ ನಂಬರೂ ಅದೇ ರೀತಿ ಶುರುವಾಗುತ್ತದೆ. ಹದಿನೇಳು ಅಕ್ಷರ ಇಲ್ಲವಲ್ಲ ಅಂತ ಅಂಥ ಗಾಡಿಯನ್ನು ಅನುಮಾನಿಸಬೇಕಿಲ್ಲ, ಅದು ಆ ಕಾಲದ ಬರವಣಿಗೆ.

ಈಗ ಮಾಯಸಂದ್ರದ ಗಾಡಿಗೆ ಬರೋಣ. ಒಂದೊಂದೇ ಅಕ್ಷರ ಓದುತ್ತಾ ಹೋದೆ, ಹುಡುಗ ಕಾಗದದಲ್ಲಿ ಬರೆದುಕೊಂಡ. ಕಂಪನಿ ಸರಿ. ಹತ್ತನೆಯ ಅಕ್ಷರ 'ಜಿ'. ಅಂದರೆ 2016! ಆರ್‌ಸಿ ನೋಡಿದರೆ ನೋಂದಣಿ ಏಪ್ರಿಲ್ 2017. ತಯಾರಾದ ತಿಂಗಳಿನ ಜಾಗದಲ್ಲಿ ಮಾತ್ರ 2016 ಅಂತಲೇ ಇತ್ತು. ಯಜಮಾನರು "ಸುಳ್ಳು ಹೇಳಿಲ್ಲ ಸಾರ್, 2017ರಲ್ಲೇ ತಗಂಡಿದ್ದು" ಅಂದರು. ನಿಜವೇ. ನನಗೆ ಆ ತಾರೀಖು ನೋಡಿದ ಕೂಡಲೇ ಅರ್ಥವಾಯಿತು.

ನೆನಪಿದೆಯಾ? 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್-3 ಗಾಡಿಗಳನ್ನು ಮಾರುವಂತಿಲ್ಲ ಅಂತ ಆದೇಶ ಕೊಟ್ಟಿತು. ದೇಶದಾದ್ಯಂತ ಸುಮಾರು 8 ಲಕ್ಷ ಅಂಥ ವಾಹನಗಳು ಮಾರಾಟವಾಗದೆ ಉಳಿದಿದ್ದವು, ಬಹುಪಾಲು ದ್ವಿಚಕ್ರದವು. ಉಳಿದದ್ದು ಎರಡು ದಿನ. ಷೋರೂಮುಗಳು ಸಾವಿರಾರು ರೂಪಾಯಿ ರಿಯಾಯಿತಿ ಕೊಟ್ಟವು, ಜನ ಸಾಲುಗಟ್ಟಿ ಕೊಂಡರು. ಮಾರ್ಚ್ 31ರೊಳಗೆ ಮಾರಿದ್ದಕ್ಕೆ ದಾಖಲೆ ಇದ್ದರೆ ನೋಂದಣಿ ಆಮೇಲೂ ಆಗುತ್ತಿತ್ತು. ಗಾಡಿಯ ಬಲಗಡೆ ಹ್ಯಾಂಡಲ್ ನೋಡಿದೆ, ಹೆಡ್‌ಲೈಟ್ ಆರಿಸುವ ಸ್ವಿಚ್ ಇತ್ತು. ಅದೇ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಹೆಡ್‌ಲೈಟ್ ಸದಾ ಉರಿಯುವ ನಿಯಮ ಬಂತು, ಅವಕ್ಕೆ ಆ ಸ್ವಿಚ್ ಇಲ್ಲ. ನಂಬರು ಹೇಳಿದ್ದಕ್ಕೆ ಸ್ವಿಚ್ಚು ಸಾಕ್ಷಿ ಹೇಳಿತು.

"ಯಜಮಾನ್ರೇ, ರಿಯಾಯಿತಿಲಿ ತಗಂಡ್ರಿ ಅಲ್ವಾ?" ಅಂದೆ. ಅವರು ನಕ್ಕುಬಿಟ್ಟರು. ಮೋಸ ಏನೂ ಇರಲಿಲ್ಲ, ಬೆಲೆ ಮಾತ್ರ ಕೂತು ಮಾತಾಡುವಂಥದ್ದಿತ್ತು. ಕಾಫಿ ಕುಡಿಯುತ್ತಾ ಮೂವತ್ತೊಂದಕ್ಕೆ ಒಪ್ಪಿದರು.

ಆದರೆ ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿಸಿದೆ. ಎಂಜಿನ್ ಕೇಸಿನ ಮೇಲಿನ ಮಣ್ಣು ಕೆರೆದು, ಅಲ್ಲಿನ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿದೆ. ಕತ್ತಿನ ಮೇಲೂ ಹಾಗೇ. ಎರಡು ಅಚ್ಚನ್ನೂ ಆರ್‌ಸಿ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿದೆವು. ಅಚ್ಚು ತೆಗೆಯುವುದರಿಂದ ಇನ್ನೊಂದು ಲಾಭ ಇದೆ. ಕಾರ್ಖಾನೆಯ ಅಕ್ಷರಗಳು ಒಂದೇ ಅಳತೆಯಲ್ಲಿ, ಒಂದೇ ಗೆರೆಯಲ್ಲಿ ಇರುತ್ತವೆ. ಯಾರಾದರೂ ಅರದಿಂದ ಉಜ್ಜಿ ಮತ್ತೆ ಹೊಡೆದಿದ್ದರೆ ಅಕ್ಷರ ಮೇಲೆ ಕೆಳಗೆ ಆಗಿರುತ್ತದೆ, ಸುತ್ತಲಿನ ಲೋಹ ತಗ್ಗಿರುತ್ತದೆ. ಕಣ್ಣಿಗೆ ಕಾಣದ್ದು ಪೆನ್ಸಿಲ್ಲಿಗೆ ಸಿಗುತ್ತದೆ. ಆಮೇಲೆ ಎಂ-ಪರಿವಾಹನ್‌ನಲ್ಲಿ ಸಾಲ, ವಿಮೆ ನೋಡಿದೆವು. ಕಳುವಾದ ಗಾಡಿಯೇ ಅಂತ ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 'ವಾಹನ ಸಮನ್ವಯ' ಇದೆ. ಫಾರಂ 29 ಮತ್ತು 30ಕ್ಕೆ ಸಹಿ ಅಲ್ಲೇ ಆಯಿತು. ಇಷ್ಟಕ್ಕೆ ಒಂದು ಗಂಟೆ ಹಿಡಿಯಿತು.

ನಂಬರ್ ಪ್ಲೇಟು ಸರ್ಕಾರ ಗಾಡಿಗೆ ಇಟ್ಟ ಹೆಸರು. ಮಾಡೆಲ್ಲು ಮಾರುವವರು ಹೇಳುವ ಮಾತು. ಕತ್ತಿನ ಮೇಲಿನದು ಮಾತ್ರ ಗಾಡಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು. ಮೂರೂ ಒಂದೇ ಮಾತು ಹೇಳಿದರೆ ಕೊಳ್ಳಿ. ಒಂದು ಬೇರೆ ಹೇಳಿದರೆ ಯಾಕೆ ಅಂತ ಕೇಳಿ. ಉತ್ತರಕ್ಕೆ ಕಾಗದ ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಓಡಿದರೂ ಬಿಟ್ಟು ಬನ್ನಿ.

ವಾಪಸ್ ಬರುವಾಗ ಹುಡುಗ ಹೊಸ ಗಾಡಿಯಲ್ಲಿ ಮುಂದೆ, ನಾನು ಹಿಂದೆ. ಮನೆ ಮುಂದೆ ನಿಲ್ಲಿಸಿ ಕೇಳಿದ, "ಮಾವ, ತಾತನ ಯೆಜ್ಡಿ ನಂಬರ್ ಏನಿತ್ತು?"

ನನಗೆ ನೆನಪಿರಲಿಲ್ಲ. ಆ ಗಾಡಿಯ ಸದ್ದು ನೆನಪಿದೆ, ಹೊಗೆಯ ವಾಸನೆ ನೆನಪಿದೆ. ನಂಬರನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಅವನ ಕೈಯಲ್ಲಿದ್ದ ಪೆನ್ಸಿಲ್ ಅಚ್ಚನ್ನು ಆರ್‌ಸಿ ಜೊತೆ ಕವರಿನಲ್ಲಿ ಹಾಕಿಡು ಅಂತ ಹೇಳಿ ಬಂದೆ.