ಸಂತ ಜೋನ್ ಆಫ್ ಆರ್ಕ್ (ಹಬ್ಬ: ಮೇ 30)

ಸುಮಾರು 1412ರಲ್ಲಿ ಫ್ರಾನ್ಸಿನ ದೋಂರೆಮಿ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದ ಜೋನ್ ಓದುಬರಹ ಕಲಿತವಳಲ್ಲ. ಹದಿಮೂರರ ಪ್ರಾಯದಲ್ಲಿ ತನಗೆ ಮಹಾದೂತ ಸಂತ ಮೈಕಲರ ವಾಣಿ ಕೇಳಿಸಿತೆಂದಳು. 1429ರ ಮೇ 8ರಂದು ಓರ್ಲಿಯನ್ಸ್ ನಗರವು ಆಂಗ್ಲರ ಮುತ್ತಿಗೆಯಿಂದ ಪಾರಾದಾಗ ಪತಾಕೆ ಹಿಡಿದು ಸೇನೆಯೊಂದಿಗಿದ್ದಳು. ಜುಲೈ 17ರಂದು 7ನೇ ಚಾರ್ಲ್ಸನಿಗೆ ಕಿರೀಟಧಾರಣೆಯಾಯಿತು. ಮರುವರ್ಷ ಜೋನ್ ಸೆರೆಸಿಕ್ಕಾಗ ಆ ಅರಸನು ಬಿಡಿಸಿಕೊಳ್ಳಲಿಲ್ಲ.

ಆಕೆಯನ್ನು ಪಾಷಂಡಿಯೆಂದು ತೀರ್ಮಾನಿಸಿದ್ದು ಬೋವೆಯ ಬಿಷಪ್ ಪಿಯೆರ್ ಕೊಶೋನ್ ನಡೆಸಿದ ಧರ್ಮಸಭೆಯದೇ ನ್ಯಾಯಾಲಯ, ಇದನ್ನು ಮರೆಮಾಚುವಂತಿಲ್ಲ. ನೀನು ದೇವರ ಕೃಪೆಯಲ್ಲಿರುವೆಯಾ ಎಂದು ಕೇಳಿದರು. ಹೌದೆಂದರೂ ಇಲ್ಲವೆಂದರೂ ಸಿಕ್ಕಿಬೀಳುವ ಪ್ರಶ್ನೆಯದು. ಆಕೆ ಅದನ್ನು ದೇವರಿಗೇ ಬಿಟ್ಟಳು. 1431ರ ಮೇ 30ರಂದು ರೂಅನ್‌ನಲ್ಲಿ ಶಿಲುಬೆಯನ್ನು ದಿಟ್ಟಿಸುತ್ತಾ ಬೆಂಕಿಗೆ ಆಹುತಿಯಾದಳು. ವಯಸ್ಸು ಸುಮಾರು 19.

ತಾಯಿ ಇಸಬೆಲ್ ಸುಮ್ಮನಿರಲಿಲ್ಲ. ಆಕೆಯ ಮನವಿಯಿಂದ ಮರುವಿಚಾರಣೆ ನಡೆದು 1456ರಲ್ಲಿ ತೀರ್ಪು ರದ್ದಾಯಿತು. 1920ರ ಮೇ 16ರಂದು ಜಗದ್ಗುರು 15ನೇ ಬೆನೆಡಿಕ್ಟರು ಸಂತ ಪದವಿ ನೀಡಿದರು, ಹುತಾತ್ಮಳೆಂದಲ್ಲ, ಕನ್ಯೆಯೆಂದು.