ಮೇಲ್ಮನೆಯಲ್ಲಿ ಉಳಿದ ಹಳೆಯ ಬಹುಮತ: ಹೈದರಾಬಾದಿನ ನಿದರ್ಶನ

ಚುನಾವಣೆಯಲ್ಲಿ ಸೋತ ಪಕ್ಷವು ನಿರ್ಗಮಿಸುವ ಮುನ್ನ ಗೆದ್ದವರ ಕೈಕಟ್ಟುವ ಶಾಸನಗಳನ್ನು ರಚಿಸುವುದುಂಟು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2016ರ ಡಿಸೆಂಬರಿನಲ್ಲಿಯೂ ವಿಸ್ಕಾನ್ಸಿನ್‌ನಲ್ಲಿ 2018ರ ಡಿಸೆಂಬರಿನಲ್ಲಿಯೂ, ರಾಜ್ಯಪಾಲ ಪದವಿಯನ್ನು ಕಳೆದುಕೊಂಡ ಪಕ್ಷವು ಶಾಸಕಾಂಗದಲ್ಲಿ ತನಗಿದ್ದ ಬಹುಮತವನ್ನು ಬಳಸಿ ಹೊಸ ರಾಜ್ಯಪಾಲರ ಅಧಿಕಾರವನ್ನು ಮೊಟಕುಗೊಳಿಸಿತು. ನಮ್ಮ ರಾಜ್ಯಗಳಲ್ಲಿ ಫಲಿತಾಂಶಕ್ಕೂ ಹೊಸ ಮಂತ್ರಿಮಂಡಲದ ಪ್ರಮಾಣವಚನಕ್ಕೂ ನಡುವೆ ಸಾಮಾನ್ಯವಾಗಿ ಕೆಲವೇ ದಿನಗಳ ಅಂತರವಿರುವುದರಿಂದ ಇಂಥ ಅವಕಾಶ ವಿರಳ. ಆದರೆ ದ್ವಿಸದನಗಳಿರುವ ರಾಜ್ಯಗಳಲ್ಲಿ ಸೋತ ಬಹುಮತವು ವಿಧಾನಸಭೆಯೊಡನೆ ಅಳಿಯುವುದಿಲ್ಲ. ಅದು ವಿಧಾನ ಪರಿಷತ್ತಿನಲ್ಲಿ ಉಳಿಯಬಹುದು. ಇದರ ಪರಿಣಾಮವನ್ನು ಅರಿಯಲು ಹೈದರಾಬಾದಿನ ನಿದರ್ಶನವು ಉಪಯುಕ್ತವಾಗಿದೆ.

ಸಂವಿಧಾನದ 172ನೆಯ ಅನುಚ್ಛೇದದ ಪ್ರಕಾರ ಪರಿಷತ್ತು ವಿಸರ್ಜನೆಗೆ ಒಳಪಡದ ಸದನ. ಎರಡು ವರ್ಷಗಳಿಗೊಮ್ಮೆ ಅದರ ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಹೀಗಾಗಿ ಜನಾಭಿಪ್ರಾಯವು ಒಂದೇ ದಿನದಲ್ಲಿ ವಿಧಾನಸಭೆಯನ್ನು ಬದಲಿಸಿದರೂ ಮೇಲ್ಮನೆಯನ್ನು ಬದಲಿಸಲು ವರ್ಷಗಳು ಬೇಕು. ಆದರೂ ಅದರ ಶಕ್ತಿ ಸೀಮಿತವಾದುದು. 197ನೆಯ ಅನುಚ್ಛೇದದಂತೆ ಸಾಮಾನ್ಯ ವಿಧೇಯಕವನ್ನು ಅದು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ಮಾತ್ರ ತಡೆಹಿಡಿಯಬಲ್ಲುದು. ಹಣಕಾಸು ವಿಧೇಯಕಕ್ಕಿರುವ ಅವಧಿ ಕೇವಲ 14 ದಿನ.

1958ರಲ್ಲಿ ಸ್ಥಾಪಿತವಾದ ಆಂಧ್ರಪ್ರದೇಶದ ವಿಧಾನ ಪರಿಷತ್ತು 1983ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಅವರು ಮುಖ್ಯಮಂತ್ರಿಯಾದಾಗ ಕಾಂಗ್ರೆಸ್ಸಿನ ಪ್ರಾಬಲ್ಯದಲ್ಲಿತ್ತು. 294 ಸ್ಥಾನಗಳ ವಿಧಾನಸಭೆಯಲ್ಲಿ 200ಕ್ಕೂ ಹೆಚ್ಚು ಸ್ಥಾನಗಳನ್ನು ಗಳಿಸಿದ್ದ ತೆಲುಗುದೇಶಂ ಪಕ್ಷವು, ಪರಿಷತ್ತು ಜನಪ್ರಾತಿನಿಧಿಕವಲ್ಲ, ಬೊಕ್ಕಸಕ್ಕೆ ಹೊರೆ, ಶಾಸನಕ್ಕೆ ವಿಳಂಬ ಎಂದು ವಾದಿಸಿ 1983ರ ಮಾರ್ಚಿನಲ್ಲಿಯೇ ಅದರ ರದ್ದತಿಗೆ ವಿಧಾನಸಭೆಯಲ್ಲಿ ನಿರ್ಣಯವನ್ನು ಅಂಗೀಕರಿಸಿತು. ಆದರೆ 169ನೆಯ ಅನುಚ್ಛೇದದ ಮೇರೆಗೆ ವಿಧಾನಸಭೆಯ ನಿರ್ಣಯವು ಪ್ರಾರಂಭ ಮಾತ್ರ. ರದ್ದುಪಡಿಸುವ ಅಧಿಕಾರ ಸಂಸತ್ತಿನದು. ಕೇಂದ್ರದಲ್ಲಿ ಆಗ ಕಾಂಗ್ರೆಸ್ಸಿನ ಆಡಳಿತವೇ ಇದ್ದು, ನಿರ್ಣಯವು ಕಾರ್ಯರೂಪಕ್ಕೆ ಬರಲಿಲ್ಲ. 1984ರ ಆಗಸ್ಟ್ 16ರಂದು ರಾಮರಾವ್ ಸರ್ಕಾರವು ವಜಾಗೊಂಡು, ಒಂದು ತಿಂಗಳಲ್ಲಿ ಮರುಸ್ಥಾಪಿತವಾಯಿತು. 1985ರ ಚುನಾವಣೆಯಲ್ಲಿ ಆ ಪಕ್ಷವು ಮತ್ತೆ ಗೆದ್ದ ಬಳಿಕ ಸಂಸತ್ತು ರದ್ದತಿಯ ಶಾಸನವನ್ನು ರಚಿಸಿತು. ಸ್ಥಳೀಯ ಸಂಸ್ಥೆಗಳು, ಪದವೀಧರರು ಮತ್ತು ಶಿಕ್ಷಕರು ಆರಿಸಿ ಕಳುಹಿಸುತ್ತಿದ್ದ ಸದನವು 2007ರಲ್ಲಿ ಪುನಃ ರಚಿತವಾಗುವವರೆಗೆ ಸುಮಾರು 22 ವರ್ಷ ಹೈದರಾಬಾದಿನಲ್ಲಿ ಇರಲಿಲ್ಲ.

ರಾಜ್ಯವು ವಿಭಜನೆಗೊಂಡ ನಂತರ, ಅಮರಾವತಿಯಲ್ಲಿ ಇದೇ ಕಥೆ ಮರುಕಳಿಸಿತು. 2019ರಲ್ಲಿ 175ರಲ್ಲಿ 151 ಸ್ಥಾನಗಳನ್ನು ಗೆದ್ದ ವೈ.ಎಸ್.ಆರ್. ಕಾಂಗ್ರೆಸ್ಸಿನ ಮೂರು ರಾಜಧಾನಿಗಳ ವಿಧೇಯಕವನ್ನು, ತೆಲುಗುದೇಶಂ ಬಹುಮತವಿದ್ದ ಪರಿಷತ್ತಿನಲ್ಲಿ 2020ರ ಜನವರಿ 22ರಂದು ಸಭಾಪತಿಯವರು ಪರಿಶೀಲನಾ ಸಮಿತಿಗೆ ಒಪ್ಪಿಸಿದರು. ಐದೇ ದಿನಗಳಲ್ಲಿ ವಿಧಾನಸಭೆಯು ಪರಿಷತ್ತಿನ ರದ್ದತಿಗೆ ನಿರ್ಣಯ ಮಾಡಿತು. ಹಿಂದೆ ಪರಿಷತ್ತನ್ನು ಅಳಿಸಿದ ಪಕ್ಷವೇ ಈಗ ಅದರ ಆಶ್ರಯದಲ್ಲಿತ್ತೆಂಬುದು ಗಮನಾರ್ಹ. ಅದೇ ವಿಧೇಯಕವು ವಿಧಾನಸಭೆಯಲ್ಲಿ ಎರಡನೆಯ ಸಲ ಅಂಗೀಕೃತವಾಗಿ 2020ರ ಜುಲೈ 31ರಂದು ರಾಜ್ಯಪಾಲರ ಅಂಕಿತವನ್ನು ಪಡೆಯಿತು. 2021ರ ನವೆಂಬರ್ 23ರಂದು ರದ್ದತಿಯ ನಿರ್ಣಯವನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಸದಸ್ಯರ ನಿವೃತ್ತಿಯಿಂದ ಮೇಲ್ಮನೆಯ ಬಲಾಬಲವು ಆಳುವ ಪಕ್ಷದ ಕಡೆಗೆ ತಿರುಗಿತ್ತು.

ಕರ್ನಾಟಕದ ಅನುಭವ ಇದಕ್ಕೆ ಭಿನ್ನವಾದುದು. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕವು ಆಳುವ ಪಕ್ಷಕ್ಕೆ ಬಹುಮತವಿಲ್ಲದಿದ್ದ ಪರಿಷತ್ತಿನಲ್ಲಿ ಧ್ವನಿಮತದಿಂದ ಬಿದ್ದುಹೋದಾಗ, ಸರ್ಕಾರವು ಕೆಲವೇ ದಿನಗಳಲ್ಲಿ ಅದನ್ನು ವಿಧಾನಸಭೆಯಲ್ಲಿ ಪುನಃ ಅಂಗೀಕರಿಸಿತು. ಸಂವಿಧಾನವು ತೋರಿದ ದಾರಿ ಇದೇ.

ಒಟ್ಟಿನಲ್ಲಿ, ಮೇಲ್ಮನೆಯಲ್ಲಿ ಉಳಿದ ಹಳೆಯ ಬಹುಮತವು ಹೊಸ ಸರ್ಕಾರವನ್ನು ತಡಮಾಡಿಸಬಲ್ಲುದೇ ಹೊರತು ತಡೆಯಲಾರದು. ನಾಲ್ಕು ತಿಂಗಳ ವಿಳಂಬಕ್ಕೆ 1985ರಲ್ಲಿ ಕಂಡುಕೊಂಡ ಪರಿಹಾರವು 22 ವರ್ಷಗಳ ಶೂನ್ಯವಾಯಿತು. ಕಾಲಕ್ರಮದಲ್ಲಿ ಅಳಿಯಬೇಕಾದುದು ಬಹುಮತ. ಅಲ್ಲಿ ಅಳಿದುದು ಸದನ.