ಕಡಲಿನಲ್ಲಿ ವಿಳಾಸ ಹೇಳುವುದು: ಕೊಡಚಾದ್ರಿಯಿಂದ ಜಿಪಿಎಸ್‌ವರೆಗೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮೀನುಗಾರಿಕೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಮೊದಲು ಹಿಂಜರಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮರುವರ್ಷವೇ ಬೋಟು ಹತ್ತಿದವನು ನಾನು. ಬಲೆ ಹಿಡಿದ ಕೈಗೆ ಪೆನ್ನು ಅಷ್ಟಾಗಿ ಒಗ್ಗುವುದಿಲ್ಲ. ಆದರೆ ಇದೇ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಕಲಿತ ಒಂದು ಪಾಠ ಮುಂದೆ ಕಡಲಿನ ನಡುವೆ ಎಂಟು ಜನರ ಜೀವ ಉಳಿಸಿತು. ಅದು ಅಕ್ಷಾಂಶ ರೇಖಾಂಶದ ಪಾಠ. ಅದನ್ನಾದರೂ ಬರೆಯಬೇಕೆನಿಸಿತು.

ನಮ್ಮ ಅಪ್ಪಯ್ಯನ ಕಾಲದವರಿಗೆ ಕಡಲಿನಲ್ಲಿ ತಾವಿರುವ ಜಾಗ ತಿಳಿಯಲು ಅಂಕಿ ಬೇಕಿರಲಿಲ್ಲ. ಕೊಡಚಾದ್ರಿಯ ತುದಿ ದಡದ ಯಾವ ತೆಂಗಿನ ತೋಪಿನ ನೇರಕ್ಕೆ ಬಂತು ಎಂದು ನೋಡಿದರೆ ಸಾಕಿತ್ತು. ರಾತ್ರಿಯಾದರೆ ಧ್ರುವ ನಕ್ಷತ್ರ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ, ಎಷ್ಟು ಮಾರು ಆಳ, ಕೆಳಗೆ ಕೆಸರೋ ಮರಳೋ ಎಂದು ತಿಳಿಯುತ್ತಿದ್ದರು. 1970ರ ದಶಕದಲ್ಲಿ ರಂಪಣಿ ಹಿಂದೆ ಸರಿದು ಪರ್ಸೀನ್, ಟ್ರಾಲ್ ಬೋಟುಗಳು ಹೆಚ್ಚಿದವು. ಬೋಟುಗಳು ದೂರ ದೂರ ಹೋದಂತೆ ಬೆಟ್ಟ ಕಣ್ಣಿಗೆ ಬೀಳದಾಯಿತು.

ಶಾಲೆಯಲ್ಲಿ ನಮ್ಮ ಸಮಾಜ ಪಾಠದ ಮಾಷ್ಟ್ರು ಅಟ್ಲಾಸ್ ಬಿಡಿಸಿ, "ಭೂಮಿಯ ಮೇಲೆ ಈ ಗೆರೆಗಳಿಲ್ಲ, ಮನುಷ್ಯ ಎಳೆದುಕೊಂಡದ್ದು" ಎನ್ನುತ್ತಿದ್ದರು. ಆ ಗೆರೆಗಳಿಗೂ ನಮ್ಮ ನಾಡಿಗೂ ಇರುವ ನಂಟು ನನಗೆ ತಿಳಿದದ್ದು ಬಹಳ ತಡವಾಗಿ. ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಭೂಮಿಯನ್ನು ಸರಪಳಿಯಿಂದ ಅಳೆದು, ಮುಂದೆ ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳ ಸಾಲು ಹೆಣೆದರು. ಎರಡು ಕರಾವಳಿಗಳ ನಡುವೆ 400 ಮೈಲು ಎಂದು ನಂಬಿದ್ದದ್ದು ಅಳೆದಾಗ 360 ಮೈಲಾಯಿತು. ಜಾಗ ಇದ್ದಲ್ಲೇ ಇತ್ತು, ತಪ್ಪಿದ್ದು ಕಾಗದದ ಮೇಲಿನ ಲೆಕ್ಕ.

ಅಮೆರಿಕದವರ ಜಿಪಿಎಸ್ ಮೊದಲಿಗೆ ಸೈನ್ಯಕ್ಕಾಗಿ ಹುಟ್ಟಿದ್ದು. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಮಂದಿ ಸತ್ತ ಮೇಲೆ, ಅದನ್ನು ಜನಸಾಮಾನ್ಯರಿಗೂ ಕೊಡುವುದಾಗಿ ಅಮೆರಿಕದ ಅಧ್ಯಕ್ಷರು ಘೋಷಿಸಿದರು. ಆದರೂ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಸುಮಾರು 100 ಮೀಟರ್ ತಪ್ಪು ಬೆರೆಸುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅಂಗೈಯಗಲದ ಆ ಪೆಟ್ಟಿಗೆ ನಮ್ಮ ಬೋಟಿಗೆ ಬಂದದ್ದು ಅದಾದ ಮೇಲೆ. ಮೀನು ಸಿಕ್ಕ ಜಾಗ, ಬಲೆ ಹರಿಯುವ ಕಲ್ಲು, ಎಲ್ಲವನ್ನೂ ಅದರಲ್ಲಿ ಗುರುತು ಹಾಕಿಕೊಂಡೆವು.

ಒಂದು ಸಲ ಆ ಸೆಟ್ಟು ಕೆಟ್ಟು, ರಿಪೇರಿಯಾಗಿ ಬಂದಿತ್ತು. ಸ್ಕ್ರೀನಿನಲ್ಲಿ ಅಂಕಿ ಬರುತ್ತಿದೆಯಲ್ಲ ಎಂದು ನಾವು ಬೇರೇನೂ ನೋಡದೆ ಹೊರಟೆವು. ಮೂರನೆಯ ರಾತ್ರಿ ಬಲೆ ಬೋಟಿನ ಫ್ಯಾನಿಗೆ ಸುತ್ತಿಕೊಂಡು ಇಂಜಿನ್ ನಿಂತಿತು. ಹಿಂಬದಿಯಲ್ಲಿ ಹಲಗೆ ಬಿರಿದು ನೀರು ಒಳಗೆ ಬರತೊಡಗಿತು. ತಂಡೇಲರು ಉಳಿದವರೊಂದಿಗೆ ನೀರು ಎತ್ತಲು ಕೆಳಗಿಳಿದರು. ವಯರ್‌ಲೆಸ್ ನನ್ನ ಕೈಗೆ ಬಂತು. ಸ್ಕ್ರೀನಿನಲ್ಲಿ 13.38500 ಮತ್ತು 74.30500 ಎಂದಿತ್ತು. "ಹದಿಮೂರು, ಮೂವತ್ತೆಂಟು, ಐನೂರು. ಎಪ್ಪತ್ತನಾಲ್ಕು, ಮೂವತ್ತು, ಐನೂರು" ಎಂದು ಕೂಗಿದೆ. ನಡುವೆ ಇದ್ದ ಒಂದು ಬೋಟಿನವರು ಆ ಮಾತನ್ನು ಗಂಗೊಳ್ಳಿಯ ಬೋಟೊಂದಕ್ಕೆ ದಾಟಿಸಿದರು.

ಒಂದು ಗಂಟೆಯ ಬಳಿಕ ಅವರ ಉತ್ತರ ಬಂತು: "ನೀವು ಹೇಳಿದ ಜಾಗದಲ್ಲೇ ಇದ್ದೇವೆ ಮಾರಾಯ್ರೆ, ನಿಮ್ಮ ದೀಪವೇ ಕಾಣುವುದಿಲ್ಲವಲ್ಲ!" ನಮಗೂ ಅವರ ದೀಪ ಕಾಣಲಿಲ್ಲ. ಆಗ ಆ ಬೋಟಿನ ಹಿರಿಯ ತಂಡೇಲರು ಒಂದೇ ಪ್ರಶ್ನೆ ಕೇಳಿಸಿದರು: "ನಿಮ್ಮಲ್ಲಿ ಎಷ್ಟು ಮಾರು?" ನಮ್ಮಲ್ಲಿ ಇಪ್ಪತ್ತೈದು ಮಾರು, ಅವರಲ್ಲಿ ಹದಿನಾಲ್ಕು. "ಹಾಗಾದರೆ ಅಂಕಿ ತಪ್ಪು, ಇನ್ನೊಮ್ಮೆ ಸರಿಯಾಗಿ ನೋಡಿ" ಎಂದರು.

ಟಾರ್ಚು ಹಿಡಿದು ನೋಡಿದೆ. ಚುಕ್ಕಿ ಹದಿಮೂರರ ಪಕ್ಕದಲ್ಲೇ ಇತ್ತು. ಮೂವತ್ತೆಂಟರ ಮುಂದೆ ಮಿನಿಟಿನ ಗುರುತೇ ಇರಲಿಲ್ಲ. "ಡಿಗ್ರಿಯನ್ನು ನೂರು ಭಾಗ ಮಾಡಬೇಡಿ ಮಕ್ಕಳೇ, ಅರವತ್ತು ಮಾಡಿ" ಎಂದು ಮಾಷ್ಟ್ರು ಬೋರ್ಡಿಗೆ ಬೆತ್ತ ಬಡಿದದ್ದು ನೆನಪಾಯಿತು. ಡೀಸೆಲ್ ಬಿಲ್ಲಿನ ಹಿಂಬದಿಯಲ್ಲಿ 0.385ನ್ನು 60ರಿಂದ ಗುಣಿಸಿದೆ, 23.1 ಬಂತು. 0.305ನ್ನು ಗುಣಿಸಿದೆ, 18.3 ಬಂತು. ನಾವಿದ್ದದ್ದು 13 ಡಿಗ್ರಿ 38.5 ಮಿನಿಟಿನಲ್ಲಲ್ಲ, 13 ಡಿಗ್ರಿ 23.1 ಮಿನಿಟಿನಲ್ಲಿ. ಅಂದರೆ ಗಂಗೊಳ್ಳಿಯ ನೇರಕ್ಕಲ್ಲ, ಮಲ್ಪೆಯ ನೇರಕ್ಕೆ, ಇನ್ನೂ ಹೊರಗಡೆ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲು, 1852 ಮೀಟರ್. ನಮ್ಮನ್ನು ಹುಡುಕುತ್ತಿದ್ದವರು ಸುಮಾರು 19 ನಾಟಿಕಲ್ ಮೈಲು ದೂರದಲ್ಲಿದ್ದರು. ಹೊಸ ಅಂಕಿ ಹೇಳಿದೆವು. ಬೆಳಕು ಹರಿಯುವ ಹೊತ್ತಿಗೆ ಅವರ ಬೋಟು ಕಂಡಿತು. ಎಂಟೂ ಜನ ದಡ ಸೇರಿದೆವು. ಬೋಟನ್ನೂ ಎಳೆದು ತಂದರು.

ತಪ್ಪು ಯಂತ್ರದ್ದಲ್ಲ. ರಿಪೇರಿಯಲ್ಲಿ ಸೆಟ್ಟಿಂಗ್ ಬದಲಾಗಿತ್ತು, ನಾವು ನೋಡಿರಲಿಲ್ಲ. ಜಿಪಿಎಸ್ಸಿನಲ್ಲಿ ಜಾಗವನ್ನು ಮೂರು ರೀತಿ ತೋರಿಸಬಹುದು: ಬರೀ ಡಿಗ್ರಿ, ಡಿಗ್ರಿ ಮತ್ತು ಮಿನಿಟು, ಡಿಗ್ರಿ, ಮಿನಿಟು ಮತ್ತು ಸೆಕೆಂಡು. ಸಮುದ್ರದಲ್ಲಿ ರೂಢಿಯಲ್ಲಿರುವುದು ಎರಡನೆಯದು. 13 ಡಿಗ್ರಿ 38.500 ಮಿನಿಟನ್ನು 38 ಮಿನಿಟು 50 ಸೆಕೆಂಡು ಎಂದು ಕೇಳಿಸಿಕೊಂಡರೂ 600 ಮೀಟರಿಗಿಂತ ಹೆಚ್ಚು ವ್ಯತ್ಯಾಸ. ರಾತ್ರಿ ನೀರಿನಲ್ಲಿ ಈಜುವವನಿಗೆ ಅದೇ ಬಹಳವಾಯಿತು. ಹಾಗಾಗಿ ಬರೀ ಅಂಕಿ ಓದಬಾರದು, "ಡಿಗ್ರಿ", "ಪಾಯಿಂಟ್", "ಮಿನಿಟು" ಎಂದು ಬಿಡಿಸಿ ಹೇಳಬೇಕು. ಮ್ಯಾಪ್ ಡೇಟಮ್ ಎಂಬಲ್ಲಿ ಡಬ್ಲ್ಯೂಜಿಎಸ್ 84 ಇದೆಯೇ ಎಂದೂ ನೋಡಬೇಕು. ಹಳೆಯ ಡೇಟಮ್ ಇದ್ದರೆ ಜಾಗ ಪಕ್ಕಕ್ಕೆ ಸರಿಯುತ್ತದೆ.

ಇಂಥ ತಪ್ಪು ದೊಡ್ಡವರಿಗೂ ಆಗಿದೆ. 1912ರಲ್ಲಿ ಟೈಟಾನಿಕ್ ಹಡಗು ಮುಳುಗುವಾಗ ವಯರ್‌ಲೆಸ್ಸಿನಲ್ಲಿ ಕೊಟ್ಟ ಜಾಗಕ್ಕೂ 1985ರಲ್ಲಿ ಅದರ ಅವಶೇಷ ಸಿಕ್ಕ ಜಾಗಕ್ಕೂ ಸುಮಾರು 13 ನಾಟಿಕಲ್ ಮೈಲು ಅಂತರ. ಕಾರ್ಪೇಥಿಯಾ ಹಡಗು ಬರುವ ದಾರಿಯಲ್ಲೇ ಜೀವರಕ್ಷಕ ದೋಣಿಗಳು ಸಿಕ್ಕಿದ್ದು ಅವರ ಪುಣ್ಯ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಹುಡುಗರಲ್ಲಿದೆ. ಜಿಪಿಎಸ್ಸಿನ "ಎಂಓಬಿ" ಬಟನ್ ಒತ್ತಿದರೆ ಸಹಾಯ ಬರುತ್ತದೆ ಎಂದುಕೊಂಡಿದ್ದಾರೆ. ಅದು ಜನ ನೀರಿಗೆ ಬಿದ್ದ ಜಾಗವನ್ನು ಗುರುತು ಹಾಕುತ್ತದೆ, ಅಷ್ಟೇ. ಜಿಪಿಎಸ್ಸಿಗೆ ಕಿವಿ ಇದೆ, ಬಾಯಿಲ್ಲ. ಕೂಗಬೇಕಾದದ್ದು ವಿಎಚ್‌ಎಫ್ ಸೆಟ್ಟು. ಡಿಎಸ್‌ಸಿ ಇರುವ ಸೆಟ್ಟಿನಲ್ಲಿ ಕೆಂಪು ಮುಚ್ಚಳದಡಿಯ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಸಂಕಟದ ಕರೆ ಹೋಗುತ್ತದೆ. ಆದರೆ ಜಿಪಿಎಸ್ಸಿನಿಂದ ಅದಕ್ಕೆ ವಯರ್ ಕೊಟ್ಟಿರಬೇಕು, ಬೋಟಿನ ಒಂಬತ್ತಂಕಿಯ ಎಂಎಂಎಸ್‌ಐ ನಂಬರನ್ನೂ ತುಂಬಿರಬೇಕು. ಬಳಿಕ ಚಾನೆಲ್ 16ರಲ್ಲಿ "ಮೇಡೇ" ಎಂದು ಮೂರು ಸಲ, ಬೋಟಿನ ಹೆಸರು ಮೂರು ಸಲ, ಇರುವ ಜಾಗ, ಆದ ತೊಂದರೆ, ಜನ ಎಷ್ಟು, ಯಾವ ಸಹಾಯ ಬೇಕು ಎಂದು ನಿಧಾನವಾಗಿ ಹೇಳಬೇಕು. ಫೋನು ಸಿಗುವಲ್ಲಿದ್ದರೆ ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಬಹುದು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ "ಸುವರ್ಣ ತ್ರಿಭುಜ" ಬೋಟು 7 ಮೀನುಗಾರರೊಂದಿಗೆ ಕಾಣೆಯಾದದ್ದು ನಮ್ಮ ಕರಾವಳಿಯ ಯಾರಿಗೂ ಮರೆಯದು. ಮರುವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದಡಿಯಲ್ಲಿ ಅದರ ಅವಶೇಷವನ್ನು ನೌಕಾಪಡೆಯವರು ಪತ್ತೆ ಮಾಡಿದರು. ಅಷ್ಟು ತಿಂಗಳು ಆ ಮನೆಗಳವರು ಕಾದದ್ದನ್ನು ನೆನೆದರೆ ಈಗಲೂ ಮಾತು ಹೊರಡುವುದಿಲ್ಲ. ಈಗ ಇಸ್ರೋದವರು ಮಾಡಿದ ಡಿಎಟಿ ಎಂಬ ಸಾಧನವಿದೆ. ಅದರ ಕರೆ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. 2024ರಲ್ಲಿ ಬಂದ ಹೊಸ ಮಾದರಿಯಲ್ಲಿ "ನಿಮ್ಮ ಕರೆ ತಲುಪಿದೆ" ಎಂಬ ಉತ್ತರವೂ ಬೋಟಿಗೆ ಮರಳಿ ಬರುತ್ತದೆ.

ಆ ಡೀಸೆಲ್ ಬಿಲ್ಲನ್ನು ಇಟ್ಟುಕೊಂಡಿದ್ದೇನೆ. ಮಾಷ್ಟ್ರು ಈಗಿಲ್ಲ, ಅವರಿಗೆ ತೋರಿಸಲಾಗಲಿಲ್ಲ. ಶಾಲೆಯ ಈಗಿನ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಅಕ್ಷಾಂಶ ರೇಖಾಂಶದ ಪಾಠದ ದಿನ ಮಕ್ಕಳನ್ನು ಧಕ್ಕೆಗೆ ಕರೆದುಕೊಂಡು ಬನ್ನಿ. ಯಾವುದಾದರೂ ಬೋಟಿನ ಜಿಪಿಎಸ್ ಹಾಕಿ, ಶಾಲೆಯ ಜಾಗವನ್ನು ಮೂರೂ ರೀತಿಯಲ್ಲಿ ಬರೆಸೋಣ. ನಮ್ಮ ಬೋಟು ಯಾವತ್ತೂ ಸಿದ್ಧ. ಐವತ್ತು ವರ್ಷ ನಮ್ಮೂರ ಮಕ್ಕಳಿಗೆ ದಾರಿ ತೋರಿಸಿದ ಈ ಶಾಲೆ ನೂರನ್ನೂ ಕಾಣಲಿ.